ಭೂಗೋಳ ಸ್ಪರ್ಧೆಗೆ ಹವಾಮಾನದ ಓದು ನಮ್ಮ ಜಿಲ್ಲೆಯಿಂದಲೇ ಶುರುವಾಗಲಿ

ಒಂಬತ್ತನೇ ತರಗತಿಯ ನಿಮ್ಮ ಮಗಳು ಅಂತರಶಾಲಾ ಭೂಗೋಳ ಸ್ಪರ್ಧೆಗೆ ಆಯ್ಕೆಯಾಗಿದ್ದಾಳೆ, ಹವಾಮಾನ ಮತ್ತು ವಾಯುಗುಣದ ಪಾಠದ ವ್ಯಾಖ್ಯೆಗಳೆಲ್ಲ ಅವಳಿಗೆ ಬಾಯಿಪಾಠವಾಗಿವೆ, ಆದರೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ತಡವರಿಸುತ್ತಾಳೆ, ಏನು ಮಾಡಬೇಕು ಎಂದು ದಾವಣಗೆರೆಯಿಂದ ಕೇಳಿದ್ದೀರಿ. ಚಿತ್ರದುರ್ಗದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಈ ತೊಂದರೆ ಚೆನ್ನಾಗಿ ಪರಿಚಿತ. ವ್ಯಾಖ್ಯೆ ಬಂದರೂ ಕಾರಣ ಬಾರದಿದ್ದಾಗ ಹೀಗಾಗುತ್ತದೆ. ಕಾರಣಗಳನ್ನು ಕಲಿಯಲು ನಮ್ಮ ಎರಡು ಜಿಲ್ಲೆಗಳಿಗಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲಿಗೆ ಹವಾಮಾನಕ್ಕೂ ವಾಯುಗುಣಕ್ಕೂ ಇರುವ ವ್ಯತ್ಯಾಸ. ಇಂದು ಸಂಜೆ ಜಗಳೂರಿನಲ್ಲಿ ಗುಡುಗು ಸಹಿತ ಮಳೆಯಾಯಿತು ಎಂಬುದು ಹವಾಮಾನ. ಜಗಳೂರು ಒಣ ಸೀಮೆ ಎಂಬುದು ವಾಯುಗುಣ. ವಾಯುಗುಣವನ್ನು ಹೇಳಲು ಸಾಮಾನ್ಯವಾಗಿ 30 ವರ್ಷಗಳ ಸರಾಸರಿಯನ್ನು ಆಧಾರವಾಗಿಟ್ಟುಕೊಳ್ಳುತ್ತಾರೆ. ಈಗ ವಿಶ್ವ ಹವಾಮಾನ ಸಂಸ್ಥೆಯ ಮಾನದಂಡದಂತೆ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನ ಅವಧಿ. ಮಗಳಿಗೆ ಇದು ಒಣ ವ್ಯಾಖ್ಯೆಯಾಗಿ ಉಳಿಯಬಾರದೆಂದರೆ ಮನೆಯ ಪಂಚಾಂಗವನ್ನು ತೆರೆದು ಮಳೆ ನಕ್ಷತ್ರಗಳನ್ನು ತೋರಿಸಿ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವುದರಿಂದ ರೋಹಿಣಿ ಮಳೆ ಮೇ ತಿಂಗಳ ಕೊನೆಯ ವಾರದಲ್ಲಿ, ಹಸ್ತ ಮಳೆ ಸೆಪ್ಟೆಂಬರ್ ಕೊನೆಯಲ್ಲಿ ಹುಟ್ಟುವುದು ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ. ಯಾವ ಮಳೆಗೆ ಯಾವ ಬಿತ್ತನೆ ಎಂದು ಹಿರಿಯರು ಗೊತ್ತುಮಾಡಿರುವುದು ತಲೆತಲಾಂತರದ ಅನುಭವದ ಸರಾಸರಿ, ಅಂದರೆ ವಾಯುಗುಣ. ಈ ವರ್ಷ ರೋಹಿಣಿ ಮಳೆ ಕೈಕೊಟ್ಟಿತು ಎಂದು ರೈತರು ಮಾತಾಡಿಕೊಳ್ಳುವುದು ಹವಾಮಾನ.

ಇನ್ನು ಮುಖ್ಯ ಪ್ರಶ್ನೆಗೆ ಬರುತ್ತೇನೆ, ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದು ಅಗತ್ಯ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7000 ಮಿ.ಮೀ.ಗೂ ಅಧಿಕ; ಚಿತ್ರದುರ್ಗದ್ದು 600 ಮಿ.ಮೀ. ಆಸುಪಾಸು. ಚಳ್ಳಕೆರೆ, ಹಿರಿಯೂರುಗಳಲ್ಲಿ ಅದಕ್ಕಿಂತಲೂ ಕಡಿಮೆ. ಕಾರಣವೇನೆಂದು ಕೇಳಿದರೆ ಮಕ್ಕಳು ಥಟ್ಟನೆ ‘ಮಳೆ ನೆರಳಿನ ಪ್ರದೇಶ’ (ಬೆಟ್ಟದ ಮರೆಯಲ್ಲಿದ್ದು ಮಳೆ ಕಡಿಮೆ ಬೀಳುವ ಸೀಮೆ) ಎನ್ನುತ್ತಾರೆ. ಆಗ ನಾನು ಎರಡನೆಯ ಪ್ರಶ್ನೆ ಕೇಳುತ್ತೇನೆ: ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ 700 ಮೀಟರಿಗಿಂತಲೂ ಎತ್ತರದಲ್ಲಿದೆ, ಎತ್ತರದ ಊರಿಗೆ ಮಳೆ ಹೆಚ್ಚು ಎಂದಾದರೆ ನಮಗೇಕೆ ಇಲ್ಲ? ತರಗತಿ ಮೌನವಾಗುತ್ತದೆ, ನಿಜವಾದ ಪಾಠ ಅಲ್ಲಿಂದ ಶುರುವಾಗುತ್ತದೆ. ಮಳೆ ತರಿಸುವುದು ಎತ್ತರವಲ್ಲ, ಗಾಳಿ ಬಲವಂತವಾಗಿ ಮೇಲೇರುವುದು. ಅರಬ್ಬೀ ಸಮುದ್ರದಿಂದ ಬಂದ ತೇವಭರಿತ ಗಾಳಿ ಕರಾವಳಿಯ ಬಯಲನ್ನು ದಾಟಿದೊಡನೆ ಪಶ್ಚಿಮ ಘಟ್ಟದ ಕಡಿದಾದ ಗೋಡೆಗೆ ಎದುರಾಗಿ ಅಲ್ಪ ದೂರದಲ್ಲೇ ನೂರಾರು ಮೀಟರ್ ಮೇಲೇರಬೇಕಾಗುತ್ತದೆ. ಮೇಲೇರಿದ ಗಾಳಿಯ ಮೇಲಿನ ಒತ್ತಡ ಕಡಿಮೆಯಾಗಿ ಅದು ಹಿಗ್ಗುತ್ತದೆ, ಹಿಗ್ಗುವುದರಿಂದ ತಣ್ಣಗಾಗುತ್ತದೆ, ತಣ್ಣಗಾದಾಗ ನೀರಾವಿ ಹನಿಗಟ್ಟುತ್ತದೆ. ಘಟ್ಟದಿಂದ ಈಚೆಗೆ ಮತ್ತೊಂದು ಗೋಡೆಯಿಲ್ಲ. ತೇವದ ಬಹುಭಾಗವನ್ನು ಸುರಿಸಿದ ಗಾಳಿ ಮೈದಾನದಂಥ ಪ್ರಸ್ಥಭೂಮಿಯ ಮೇಲೆ ಓಡುತ್ತದೆ, ಘಟ್ಟದ ನೆತ್ತಿಯಿಂದ ಇಳಿಯುವಷ್ಟರ ಮಟ್ಟಿಗೆ ಬೆಚ್ಚಗೂ ಆಗುತ್ತದೆ.

ಇದಕ್ಕೆ ಸಾಕ್ಷಿ ಬೇಕೆಂದರೆ ಜುಲೈ ತಿಂಗಳಲ್ಲಿ ಮಗಳನ್ನು ಚಿತ್ರದುರ್ಗದ ಗುಡ್ಡಗಳ ಕಡೆಗೆ ಕರೆತನ್ನಿ. ಮೋಡಗಳು ಪಶ್ಚಿಮದಿಂದ ಪೂರ್ವಕ್ಕೆ ದೌಡಾಯಿಸುತ್ತಿರುತ್ತವೆ, ಗುಡ್ಡದ ಮೇಲಿನ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿರುತ್ತವೆ, ನೆಲ ಮಾತ್ರ ಹೆಚ್ಚೆಂದರೆ ತುಂತುರಿನಲ್ಲಿ ನೆನೆದಿರುತ್ತದೆ. ಆ ರೆಕ್ಕೆಗಳನ್ನು ತಿರುಗಿಸುತ್ತಿರುವುದು ಘಟ್ಟಕ್ಕೆ ಮಳೆ ಕೊಟ್ಟು ಬಂದ ಅದೇ ನೈರುತ್ಯ ಮಾರುತ. ನಿಮ್ಮ ಜಿಲ್ಲೆಯೊಳಗೇ ಪಶ್ಚಿಮದ ಹೊನ್ನಾಳಿ, ಚನ್ನಗಿರಿಯಿಂದ ಪೂರ್ವದ ಜಗಳೂರಿಗೆ ಹೋದಂತೆ ಮಳೆ ಇಳಿಮುಖವಾಗುವುದನ್ನೂ ಅವಳು ನಕ್ಷೆಯ ಮೇಲೆ ಗುರುತಿಸಲಿ.

ಮಕ್ಕಳು ಅತಿ ಹೆಚ್ಚು ಎಡವುವುದು ಸಾಪೇಕ್ಷ ಆರ್ದ್ರತೆಯಲ್ಲಿ, ಅಂದರೆ ಆಯಾ ಉಷ್ಣತೆಯಲ್ಲಿ ಗಾಳಿಯಲ್ಲಿ ಇರಬಹುದಾದ ಗರಿಷ್ಠ ನೀರಾವಿಯಲ್ಲಿ ಶೇಕಡಾ ಎಷ್ಟು ಇದೆ ಎಂಬ ಅಳತೆಯಲ್ಲಿ. ಇದಕ್ಕೆ ಒಂದೇ ಒಂದು ಲೆಕ್ಕ ಸಾಕು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಇರಬಹುದಾದ ಗರಿಷ್ಠ ನೀರಾವಿ ಸುಮಾರು 17 ಗ್ರಾಂ. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. ಬೆಳಗಿನ ಜಾವ 20 ಡಿಗ್ರಿಯಲ್ಲಿ 17 ಗ್ರಾಂ ಇದ್ದರೆ ಆರ್ದ್ರತೆ ಶೇ. 100, ಕೋಟೆಯ ಮೇಲೆ ಮಂಜು ಕವಿದಿರುತ್ತದೆ. ಮಧ್ಯಾಹ್ನ 30 ಡಿಗ್ರಿಗೆ ಏರಿದಾಗ ಅಷ್ಟೇ ನೀರಾವಿ ಇದ್ದರೂ ಆರ್ದ್ರತೆ ಶೇ. 57ರ ಹತ್ತಿರಕ್ಕೆ ಇಳಿಯುತ್ತದೆ. ನೀರಾವಿ ಎಲ್ಲಿಗೂ ಹೋಗಲಿಲ್ಲ, ಉಷ್ಣತೆ ಬದಲಾಯಿತು.

ಉಷ್ಣತೆಯನ್ನು ಬಿಟ್ಟು ಮಳೆಯನ್ನಷ್ಟೇ ನೋಡಿದರೆ ವಾಯುಗುಣ ಅರ್ಥವಾಗುವುದಿಲ್ಲ ಎಂಬುದಕ್ಕೆ ಲಂಡನ್ ಒಳ್ಳೆಯ ಉದಾಹರಣೆ. ಅಲ್ಲಿಯ ವಾರ್ಷಿಕ ಮಳೆಯೂ 600 ಮಿ.ಮೀ. ಆಸುಪಾಸಿನದೇ. ಆದರೆ ಅಲ್ಲಿ ಮಳೆ ವರ್ಷವಿಡೀ ಹಂಚಿಕೊಂಡು ಬೀಳುತ್ತದೆ, ತಂಪಿನಿಂದಾಗಿ ಆವಿಯಾಗಿ ಹೋಗುವುದು ಕಡಿಮೆ, ಆದ್ದರಿಂದ ನೆಲ ಹಸಿರಾಗಿರುತ್ತದೆ. ನಮ್ಮಲ್ಲಿ ಅದೇ ಪ್ರಮಾಣ ಅರೆಶುಷ್ಕ ಭೂಮಿಯನ್ನು ಕೊಡುತ್ತದೆ. ಜಗತ್ತಿನ ವಾಯುಗುಣಗಳನ್ನು ವಿಂಗಡಿಸುವ ಕೊಪ್ಪೆನ್ ವರ್ಗೀಕರಣದಲ್ಲಿ ಶುಷ್ಕತೆಯ ಗಡಿಯನ್ನು ಉಷ್ಣತೆಯ ಜೊತೆಗೂಡಿಸಿ ಲೆಕ್ಕ ಹಾಕುವುದು ಇದಕ್ಕಾಗಿಯೇ.

ಮಾನ್ಸೂನ್ ಬಗ್ಗೆ ಪಠ್ಯಪುಸ್ತಕದಲ್ಲಿ ಸಾಕಷ್ಟಿದೆ. ದಕ್ಷಿಣಾರ್ಧಗೋಳದ ಆಗ್ನೇಯ ವಾಣಿಜ್ಯ ಮಾರುತಗಳು ಸಮಭಾಜಕವನ್ನು ದಾಟಿದ ಮೇಲೆ ಭೂಮಿಯ ಆವರ್ತನೆಯಿಂದ ಬಲಕ್ಕೆ ತಿರುಗಿ ನೈರುತ್ಯ ಮಾರುತಗಳಾಗುತ್ತವೆ ಎಂಬುದನ್ನು ಅವಳು ಚಿತ್ರ ಬರೆದು ವಿವರಿಸಬಲ್ಲಳೇ ಎಂದು ಮಾತ್ರ ಪರೀಕ್ಷಿಸಿ. ಗಾಳಿಗೆ ಅದು ಬರುವ ದಿಕ್ಕಿನ ಹೆಸರು, ಹೋಗುವ ದಿಕ್ಕಿನದಲ್ಲ. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆ ಕಾದ ನೆಲದಿಂದ ಗಾಳಿ ನೇರವಾಗಿ ಮೇಲೇರುವ ಪರಿಸರಣ ಮಳೆ ಎಂಬುದನ್ನೂ ಸೇರಿಸಿಕೊಳ್ಳಿ.

ಎಲ್ ನಿನೋ, ಅಂದರೆ ಸಮಭಾಜಕದ ಬಳಿ ಪೆಸಿಫಿಕ್ ಸಾಗರದ ಮೇಲ್ಮೈ ನೀರು ವಾಡಿಕೆಗಿಂತ ಬೆಚ್ಚಗಾಗುವುದರ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ‘ಎಲ್ ನಿನೋ ಎಂದರೆ ಭಾರತಕ್ಕೆ ಬರ’ ಎಂದು ಬರೆದರೆ ಉತ್ತರ ಅರ್ಧ ಸರಿ. 2023ರ ಎಲ್ ನಿನೋ ವರ್ಷದಲ್ಲಿ ಕರ್ನಾಟಕ ತೀವ್ರ ಬರ ಕಂಡಿತು. ಆದರೆ 1997ರಲ್ಲಿ ಪ್ರಬಲ ಎಲ್ ನಿನೋ ಇದ್ದರೂ ದೇಶದ ಮುಂಗಾರು ಮಳೆ ವಾಡಿಕೆಯಷ್ಟೇ ಆಯಿತು. ಅದು ಬರದ ಸಾಧ್ಯತೆಯನ್ನು ಹೆಚ್ಚಿಸುತ್ತದೆ, ಬರವನ್ನು ನಿಶ್ಚಯಿಸುವುದಿಲ್ಲ. ಇಂಥದ್ದೇ ಎಚ್ಚರ, ಮಾರಿಕಣಿವೆ ಎಂದೂ ಕರೆಯುವ ಹಿರಿಯೂರು ಬಳಿಯ ವಾಣಿವಿಲಾಸ ಸಾಗರ ಜಲಾಶಯದ ವಿಷಯದಲ್ಲೂ ಬೇಕು. 1933ರ ನಂತರ 2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ‘ವಾಯುಗುಣ ಬದಲಾವಣೆಗೆ ಇದೇ ಸಾಕ್ಷಿ’ ಎಂದು ಅನೇಕ ವಿದ್ಯಾರ್ಥಿಗಳು ಬರೆದರು. ಒಂದು ವರ್ಷದ ಭಾರಿ ಮಳೆಯಿಂದ ಅಂಥ ತೀರ್ಮಾನಕ್ಕೆ ಬರುವಂತಿಲ್ಲ. ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಆ ಹೊತ್ತಿಗಾಗಲೇ ಜಲಾಶಯಕ್ಕೆ ಸೇರತೊಡಗಿತ್ತು. ಕಾರಣಗಳನ್ನು ಹೀಗೆ ಬಿಡಿಸಿ ನೋಡುವ ಮಗು ಸ್ಪರ್ಧೆಯಲ್ಲಿ ಎದ್ದು ಕಾಣುತ್ತದೆ.

ಓದಿನ ಜೊತೆಗೆ ಕೈಕೆಲಸವೂ ಇರಲಿ. ಬಾಯಿ ಮತ್ತು ತಳ ಒಂದೇ ಅಗಲವಿರುವ ನೇರ ಗೋಡೆಯ ಪಾತ್ರೆಯೊಂದನ್ನು ಮರ, ಗೋಡೆಗಳಿಂದ ದೂರದ ಬಯಲಿನಲ್ಲಿಟ್ಟು ದಿನವೂ ಬೆಳಿಗ್ಗೆ 8.30ಕ್ಕೆ ಅಳತೆಪಟ್ಟಿಯಿಂದ ನೀರಿನ ಆಳವನ್ನು ಅಳೆದು ಬರೆದಿಡಲಿ. ಹವಾಮಾನ ಇಲಾಖೆ ದಿನದ ಮಳೆಯನ್ನು ಲೆಕ್ಕ ಹಾಕುವುದೂ ಆ ಹೊತ್ತಿಗೇ. 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಅದು ಇಲಾಖೆಯ ಲೆಕ್ಕದಲ್ಲಿ ‘ಮಳೆಯ ದಿನ’. ಒಂದು ಚದರ ಮೀಟರಿನ ಮೇಲೆ ಬಿದ್ದ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. ಹಾಗಾದರೆ 25 ಮಿ.ಮೀ. ಮಳೆಗೆ ಒಂದು ಎಕರೆಯ ಮೇಲೆ ಬೀಳುವ ನೀರು ಸುಮಾರು ಒಂದು ಲಕ್ಷ ಲೀಟರ್. ಈ ಲೆಕ್ಕವನ್ನು ತಾನೇ ಮಾಡಿದವಳಿಗೆ ಮಿ.ಮೀ. ಎಂಬ ಅಳತೆ ಮತ್ತೆಂದೂ ಗೊಂದಲ ಉಂಟುಮಾಡದು.

ಕೊನೆಯ ವಾರವನ್ನು ವಾಯುಗುಣ ನಕ್ಷೆಗಳಿಗೆ ಮೀಸಲಿಡಿ. ಊರಿನ ಹೆಸರನ್ನು ಮುಚ್ಚಿ, ತಿಂಗಳುವಾರು ಮಳೆಯ ಕಂಬಗಳನ್ನೂ ಉಷ್ಣತೆಯ ಗೆರೆಯನ್ನೂ ಮಾತ್ರ ತೋರಿಸಿ ಊರು ಯಾವುದೆಂದು ಕೇಳಿ. ಜೂನ್, ಜುಲೈನಲ್ಲಿ ಕಂಬ ಮುಗಿಲು ಮುಟ್ಟಿದರೆ ಮಂಗಳೂರು. ನವೆಂಬರಿನಲ್ಲಿ ಅತಿ ಎತ್ತರವಿದ್ದರೆ, ಈಶಾನ್ಯ ಮಾರುತದ ಮಳೆ ಪಡೆಯುವ ಚೆನ್ನೈ. ಮೇ ತಿಂಗಳಲ್ಲಿ ಸ್ವಲ್ಪ ಎದ್ದು, ಜೂನ್, ಜುಲೈನಲ್ಲಿ ಸಪ್ಪೆಯಾಗಿ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮತ್ತೆ ಏರಿದರೆ ಅದು ನಮ್ಮ ಚಿತ್ರದುರ್ಗ. ಆ ಮೂರನ್ನೂ ಗುರುತಿಸಿದ ಮೇಲೆ, ಪ್ರತಿಯೊಂದಕ್ಕೂ ಕಾರಣವನ್ನು ಎರಡೇ ವಾಕ್ಯಗಳಲ್ಲಿ ಬರೆಯಲು ಹೇಳಿ.