ಗ್ಯಾರೇಜಿನ ಪಕ್ಕದ ಬಾಗಿಲು: ಅಂಗಡಿಗೆ ಹೋಗುವ ಮೊದಲು ನೆಲದ ಮೇಲೆ ಗೆರೆ ಎಳೆಯಿರಿ

ನಮಸ್ಕಾರ. ನೀವು ಬರೆದದ್ದನ್ನು ನಾನು ಹೀಗೆ ಅರ್ಥ ಮಾಡಿಕೊಂಡೆ. ಪುಣೆಯ ಸಿಂಹಗಡ ರಸ್ತೆಯಲ್ಲಿ ರೋ ಹೌಸ್. ಗ್ಯಾರೇಜಿನ ಪಕ್ಕದ ಮರದ ಬಾಗಿಲು ಕೆಳಗಡೆ ಕೊಳೆತಿದೆ. ಬಾಗಿಲಿನ ಅಗಲ 29 ಇಂಚು. ಒಳಗೆ ಕಾರಿಗೂ ಗೋಡೆಗೂ ನಡುವೆ 22 ಇಂಚು. ಹೊರಗೆ 3 ಅಡಿ ಸಂದಿ, ಅದರಲ್ಲೊಂದು ನೀರಿನ ಪಂಪು. ಜಾಗ ಇಲ್ಲ, ಸ್ಲೈಡಿಂಗ್ ಹಾಕಿಸಲೇ ಅಂತ ಕೇಳಿದ್ದೀರಿ.

ನಾನು ಕೋಥ್ರೂಡಿನಲ್ಲಿ ಇಂಥದೇ ಬಾಗಿಲನ್ನು ಎರಡು ಸಲ ಹಾಕಿಸಿದವನು. ಎರಡು ಸಲ ಯಾಕೆ ಅಂತ ಮುಂದೆ ಹೇಳುತ್ತೇನೆ. ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡೇ ಓದಿ.

ಸ್ಲೈಡಿಂಗ್ ಬೇಡ. ಬಾಗಿಲು ಸರಿದು ನಿಲ್ಲಲು ಪಕ್ಕದಲ್ಲಿ ಅಷ್ಟೇ ಅಗಲದ ಖಾಲಿ ಗೋಡೆ ಬೇಕು. ನಿಮ್ಮ ಫೋಟೊದಲ್ಲಿ ಒಳಗಿನ ಗೋಡೆ ಮೇಲೆ ಸ್ವಿಚ್ ಬೋರ್ಡ್ ಇದೆ, ಹೊರಗಿನ ಗೋಡೆ ಮೇಲೆ ಮಳೆನೀರಿನ ಪೈಪ್ ಇದೆ. ಅದೂ ಅಲ್ಲದೆ ಗೋಡೆಗೆ ನೇತುಹಾಕುವ ಸ್ಲೈಡಿಂಗ್ ಬಾಗಿಲಿಗೆ ಸುತ್ತಲೂ ಸಂದು ಉಳಿಯುತ್ತದೆ. ಜುಲೈನಲ್ಲಿ ಗಾಳಿಮಳೆ ಓರೆಯಾಗಿ ಹೊಡೆಯುವಾಗ ಆ ಸಂದಿನಿಂದ ನೀರು ಬರುತ್ತದೆ, ಉಳಿದ ದಿನ ಇಲಿ ಬರುತ್ತದೆ.

ಈಗ ಅಸಲು ವಿಷಯ. ಬಾಗಿಲು ಯಾವುದು ಅನ್ನೋದಕ್ಕಿಂತ ಅದು ತಿರುಗುವ ಜಾಗ ಯಾವುದು ಅನ್ನೋದು ಮುಖ್ಯ. ಕಾರನ್ನು ದಿನಾ ನಿಲ್ಲಿಸುವ ಹಾಗೇ ನಿಲ್ಲಿಸಿ. ಟೈರಿನಿಂದ ಅಳೆಯಬೇಡಿ, ಮೋಸ ಹೋಗುತ್ತೀರಿ. ಗೋಡೆಗೆ ಹತ್ತಿರ ಇರುವುದು ಕಾರಿನ ಕನ್ನಡಿ. ಒಂದು ದಾರಕ್ಕೆ ನಟ್ ಕಟ್ಟಿ ಕನ್ನಡಿಯ ತುದಿಯಿಂದ ಇಳಿಬಿಡಿ, ನಟ್ ಮುಟ್ಟಿದ ಕಡೆ ನೆಲದ ಮೇಲೆ ಗುರುತು ಹಾಕಿ. ಕನ್ನಡಿ ಮಡಚಿ ಇನ್ನೊಂದು ಗುರುತು. ಆಮೇಲೆ ಬಿಜಾಗರಿ (ಬಾಗಿಲು ತಿರುಗುವ ಹಿಂಜ್) ಇರುವ ಮೂಲೆಯಲ್ಲಿ ದಾರದ ಒಂದು ತುದಿ ಹಿಡಿದು, 29 ಇಂಚು ದೂರಕ್ಕೆ ಚಾಕ್‌ಪೀಸ್ ಕಟ್ಟಿ ಕಮಾನು ಎಳೆಯಿರಿ. ಕಮಾನು ಕಾರಿನ ಗುರುತನ್ನು ಎಲ್ಲಿ ದಾಟುತ್ತದೋ ಅಲ್ಲಿಗೆ ನಿಮ್ಮ ಬಾಗಿಲು ನಿಲ್ಲುತ್ತದೆ.

ನಿಮ್ಮ ಅಳತೆಗೆ ಲೆಕ್ಕ ಹಾಕಿ ನೋಡಿದೆ. ಬಾಗಿಲಿನ ತುದಿ ಕಾರಿಗೆ ತಾಗುವಾಗ ಅದು ತೆರೆದಿರುವುದು ಸುಮಾರು 49 ಡಿಗ್ರಿ. ಗೀರು ಬೀಳದಿರಲಿ ಅಂತ 40 ಡಿಗ್ರಿಗೇ ನೆಲದಲ್ಲಿ ರಬ್ಬರ್ ಸ್ಟಾಪರ್ ಹಾಕಿದರೂ, ಬಾಗಿಲಿನ ತುದಿಗೂ ಚಿಲಕದ ಕಡೆಯ ಚೌಕಟ್ಟಿಗೂ ನಡುವೆ ಸುಮಾರು 20 ಇಂಚು ಸಿಗುತ್ತದೆ. ಒಬ್ಬ ಮನುಷ್ಯ ಸ್ವಲ್ಪ ಓರೆಯಾಗಿ ದಾಟಬಹುದು. ಹಾಗಾದರೆ ಈಗ ಯಾಕೆ ಆಗುತ್ತಿಲ್ಲ? ಯಾಕೆಂದರೆ ನಿಮ್ಮ ಬಿಜಾಗರಿ ಒಳಗೆ ಅಡುಗೆಮನೆಗೆ ಹೋಗುವ ಕಡೆಗಿದೆ. ಅರ್ಧ ತೆರೆದ ಬಾಗಿಲು ನಿಮಗೂ ಅಡುಗೆಮನೆಗೂ ನಡುವೆ ಗೋಡೆ ಥರ ನಿಲ್ಲುತ್ತದೆ. ಒಳಗೆ ನುಗ್ಗಿ, ಹೊಟ್ಟೆ ಎಳೆದುಕೊಂಡು, ಬಾಗಿಲು ಮುಚ್ಚಿ, ಆಮೇಲೆ ತಿರುಗಿ ನಡೆಯಬೇಕು. ಕೈಯಲ್ಲಿ ತರಕಾರಿ ಚೀಲ ಇದ್ದರಂತೂ ಮುಗೀತು. ಬಿಜಾಗರಿಯನ್ನು ಆಚೆ ಕಡೆಗೆ ಬದಲಾಯಿಸಿದರೆ ಅದೇ 20 ಇಂಚು ನೇರವಾಗಿ ಅಡುಗೆಮನೆ ಕಡೆಗೇ ತೆರೆದುಕೊಳ್ಳುತ್ತದೆ. ಒಂದು ಇಂಚು ಗೋಡೆ ಒಡೆಯುವ ಕೆಲಸ ಇಲ್ಲ.

ಇದನ್ನು ಇಲ್ಲಿನ ಸುತಾರನಿಗೆ, ಅಂದರೆ ಬಡಗಿಗೆ, ಹೇಳುವಾಗ ಹುಷಾರು. ನಮ್ಮ ಎಡ ಬಲ, ಅವರ ಮರಾಠಿಯ ಡಾವೀ ಉಜವೀ. ಒಳಗೆ ನಿಂತು ನೋಡಿದ್ದೋ ಹೊರಗೆ ನಿಂತು ನೋಡಿದ್ದೋ ಅಂತ ಹೇಳದಿದ್ದರೆ ತಿರುವುಮುರುವಾಗುವುದು ಗ್ಯಾರಂಟಿ. ಸುಮ್ನೆ ಗೋಡೆ ಮೇಲೆ ಚಾಕ್‌ಪೀಸಿನಲ್ಲಿ ‘ಬಿಜಾಗರಿ ಇಥೆ’ (ಬಿಜಾಗರಿ ಇಲ್ಲಿ) ಅಂತ ಬಾಣದ ಗುರುತು ಹಾಕಿಬಿಡಿ.

ಆದರೆ ಪಂಪನ್ನು ಎರಡು ಅಡಿ ಸರಿಸಲು ಆಗುವುದಾದರೆ ನಾನು ಹೊರಕ್ಕೆ ತೆರೆಯುವ ಬಾಗಿಲನ್ನೇ ಹಾಕಿಸುತ್ತೇನೆ. ಇದರಲ್ಲಿ ಒಂದು ಗುಟ್ಟಿದೆ. ಒಳಕ್ಕೆ ತೆರೆಯುವ ಬಾಗಿಲಿನ ಚೌಕಟ್ಟನ್ನು ಸಾಮಾನ್ಯವಾಗಿ 9 ಇಂಚಿನ ಗೋಡೆಯ ಒಳಮುಖಕ್ಕೆ ಕೂರಿಸಿರುತ್ತಾರೆ. ಅದೇ ಜಾಗದಲ್ಲಿ ಬಾಗಿಲನ್ನು ಹೊರಕ್ಕೆ ತಿರುಗಿಸಿದರೆ ಗೋಡೆಯ ದಪ್ಪ ಅಡ್ಡ ಬಂದು 90 ಡಿಗ್ರಿಗೇ ನಿಲ್ಲುತ್ತದೆ. ಆಗ 3 ಅಡಿ ಸಂದಿಯೇ ಬಂದ್. ಹೊಸ ಚೌಕಟ್ಟನ್ನು ಹೊರಮುಖಕ್ಕೆ ತಂದು ಕೂರಿಸಿದರೆ ಬಾಗಿಲು ಪೂರ್ತಿ ತಿರುಗಿ ಗೋಡೆಗೆ ಒರಗುತ್ತದೆ. ಒಂದೆರಡು ಇಂಚು ಪ್ಲಾಸ್ಟರ್ ಅಡ್ಡ ಬಂದರೆ ಪಾರ್ಲಿಮೆಂಟ್ ಹಿಂಜ್ ಅಂತ ಸಿಗುತ್ತದೆ, ಅಗಲ ರೆಕ್ಕೆಯದು, ಬಾಗಿಲನ್ನು ಗೋಡೆಯಿಂದ ಆಚೆಗೆ ಎತ್ತಿ ತಿರುಗಿಸುತ್ತದೆ. ಮೇಲೆ ಮಳೆ ತಡೆಯುವ ಚಿಕ್ಕ ಛಜ್ಜಾ ಮಾತ್ರ ಬೇಕೇ ಬೇಕು. ಹೊರಕ್ಕೆ ತೆರೆಯುವ ಬಾಗಿಲಿಗೆ ಬಿಜಾಗರಿಯ ಕಡ್ಡಿ ಬೀದಿಗೆ ಕಾಣುತ್ತದೆ, ಕಳ್ಳ ಬಡಿದು ತೆಗೆಯಬಹುದು ಅನ್ನುವ ಭಯ ಸರಿಯೇ. ಅದಕ್ಕೆ ಹಳೇ ಉಪಾಯ: ಪ್ರತಿ ಬಿಜಾಗರಿಯಲ್ಲಿ ಎದುರುಬದುರಿನ ಒಂದೊಂದು ಸ್ಕ್ರೂ ತೆಗೆಯಿರಿ. ಚೌಕಟ್ಟಿನ ಕಡೆ ದಪ್ಪ ಉದ್ದ ಸ್ಕ್ರೂ ಹಾಕಿ, ಅದರ ತಲೆ ಕತ್ತರಿಸಿ, ಒಂದು ಸೆಂಟಿಮೀಟರ್ ಹೊರಗೆ ಬಿಡಿ. ಬಾಗಿಲು ಮುಚ್ಚಿದಾಗ ಅದು ಎದುರಿನ ತೂತಿಗೆ ಹೋಗಿ ಕೂರುತ್ತದೆ. ಕಡ್ಡಿ ತೆಗೆದರೂ ಬಾಗಿಲು ಅಲ್ಲಾಡುವುದಿಲ್ಲ.

ಅಗಲ ಸ್ವಲ್ಪ ಜಾಸ್ತಿ ಮಾಡಲೇ ಅಂತಲೂ ಕೇಳಿದ್ದೀರಿ. ಗೋಡೆ ಮುಟ್ಟಬೇಡಿ. ಬಾಗಿಲಿನ ಮೇಲಿನ ಗೋಡೆಯ ಭಾರ ಹೊರುವ ಅಡ್ಡ ತೊಲೆ, ಅಂದರೆ ಲಿಂಟಲ್, ಎರಡೂ ಕಡೆ ಗೋಡೆ ಮೇಲೆ ಕೆಲವೇ ಇಂಚು ಕೂತಿರುತ್ತದೆ. ನೀವು ಪಕ್ಕದಲ್ಲಿ ಕೊರೆದದ್ದು ಅದರ ಕಾಲ ಕೆಳಗಿನ ನೆಲ. ಅಗಲ ಬೇಕಿದ್ದರೆ ಚೌಕಟ್ಟಿನಲ್ಲಿ ಹುಡುಕಿ. ಮರದ ಚೌಕಟ್ಟು ಒಂದೊಂದು ಕಡೆ ಎರಡೂವರೆ ಇಂಚು ತಿನ್ನುತ್ತದೆ. ಒಂದೂವರೆ ಇಂಚಿನ ಕಬ್ಬಿಣದ ಪೈಪಿನದು ಮಾಡಿಸಿದರೆ ಒಟ್ಟು ಎರಡು ಇಂಚು ಸುಮ್ಮನೆ ಸಿಕ್ಕಿತಲ್ವಾ?

ಈಗ ನನ್ನ ಮೊದಲನೇ ಬಾಗಿಲಿನ ಕಥೆ. ಮೇ ತಿಂಗಳಲ್ಲಿ ಹಾಕಿಸಿದೆ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಿಂದ ಒಳ್ಳೇ ಫ್ಲಶ್ ಡೋರ್ (ಪದರ ಅಂಟಿಸಿದ ಸಪಾಟಾದ ಮರದ ಬಾಗಿಲು) ತಂದಿದ್ದೆ. ಸುತಾರ ಕೂದಲೆಳೆ ಸಂದು ಬಿಟ್ಟು ಕೂರಿಸಿದ, ನಾನೂ ಭಲೇ ಅಂದೆ. ಜುಲೈ ಎರಡನೇ ವಾರಕ್ಕೆ ಭುಜ ಕೊಟ್ಟು ತಳ್ಳಬೇಕಾಯಿತು. ಆಮೇಲೆ ಆತ ಬಂದು ರಂಧಾ (ಉಜ್ಜುಗೊರಡು) ಹೊಡೆದು ಅಂಚು ಸವರಿದ. ಡಿಸೆಂಬರಿನಲ್ಲಿ ನೋಡಿದರೆ ಆಚೆ ಬೆಳಕು ಕಾಣುತ್ತಿದೆ. ಎರಡನೇ ಮಳೆಗಾಲಕ್ಕೆ ಕೆಳಗಡೆ ಪದರ ಬಿಚ್ಚಿಕೊಂಡಿತು. ಮೊಬೈಲಿನ ಸೆಲ್ಫಿ ಕ್ಯಾಮೆರಾ ಆನ್ ಮಾಡಿ ಬಾಗಿಲಿನ ಕೆಳಗೆ ತೂರಿಸಿ ನೋಡಿದೆ: ಕೆಳಗಿನ ಅಂಚಿಗೆ ಒಂದು ಹನಿ ಬಣ್ಣ ಬಿದ್ದಿಲ್ಲ! ಬಣ್ಣವಿಲ್ಲದ ಬರೀ ಮರ, ಬಿಸ್ಕತ್ತಿನ ಹಾಗೆ ನೀರು ಕುಡಿದಿತ್ತು. ಮುಂದೆ ಹಿಂದೆ ಮಾತ್ರ ಪೇಂಟ್ ಫಳಫಳ. ತಪ್ಪು ನನ್ನದೂ ಹೌದು. ನೇತುಹಾಕಿದ ಮೇಲೆ ಕೆಳಗೆ ಬ್ರಷ್ ಹೋಗುವುದಿಲ್ಲ ಅಂತ ನನಗೂ ಹೊಳೆದಿರಲಿಲ್ಲ.

ಹಾಗಾಗಿ ಮರದ್ದೇ ಹಾಕಿಸುವುದಾದರೆ ಆರೂ ಮುಖಕ್ಕೆ ಎರಡು ಕೋಟ್ ಆದ ಮೇಲೆಯೇ ನೇತುಹಾಕಿ. ಬೀಗದ ತೂತಿನ ಒಳಗೂ ಬಳಿಯಿರಿ. ಪಕ್ಕದ ಸಂದು 3 ಮಿಲಿಮೀಟರ್ ಇರಲಿ. ನಾಲ್ಕು ಎಟಿಎಂ ಕಾರ್ಡ್ ಜೋಡಿಸಿ ತೂರಿಸಿದರೆ ಅಷ್ಟೇ ಆಗುತ್ತದೆ. ಕಾರು ತೊಳೆಯುವ ಜಾಗಕ್ಕೆ ನಾನು ಎರಡನೇ ಸಲ ಹಾಕಿಸಿದ್ದು ಕಬ್ಬಿಣದ್ದು: ಒಂದಿಂಚು ಚೌಕ ಪೈಪಿನ ಮೇಲೆ ಒಂದೇ ಕಡೆ 18 ಗೇಜ್ ತಗಡು, ತುಕ್ಕು ತಡೆಯಲು ರೆಡ್ ಆಕ್ಸೈಡ್, ಅದರ ಮೇಲೆ ಎನಾಮಲ್ ಬಣ್ಣ. ತಗಡೇ ಸುಮಾರು 14 ಕೆಜಿ ಆಗುತ್ತದೆ, ಅದಕ್ಕೆ ಮೂರು ಬಿಜಾಗರಿ ಬೇಕು. ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಹಲಗೆ) ಕೂಡ ನೀರಿಗೆ, ಗೆದ್ದಲಿಗೆ ಹೆದರುವುದಿಲ್ಲ. ಆದರೆ ನಿಮ್ಮದು ಪಶ್ಚಿಮ ಮುಖ. ಗಾಢ ಬಣ್ಣದ್ದು ಬಿಸಿಲಿಗೆ ಬಾಗಬಹುದು, ಬಿಳಿಯದೇ ತೆಗೆದುಕೊಳ್ಳಿ.

ನಿಮ್ಮದು ಸಿಎನ್‌ಜಿ ಕಾರು ಅಂದಿರಿ. ಸಿಎನ್‌ಜಿ ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಪೆಟ್ರೋಲ್ ಆವಿ ಭಾರ, ನೆಲದಲ್ಲೇ ತೇಲುತ್ತದೆ. ಬಾಗಿಲಿಗೆ ಮೇಲೊಂದು ಕೆಳಗೊಂದು ಜಾಲರಿ ಕಿಂಡಿ ಇಡಿಸಿ, ಮತ್ತೆ ಛಾವಣಿ ಹತ್ತಿರ ಗೋಡೆಗೂ ಒಂದು ಕಿಂಡಿ ಇರಲಿ.

ಹಳೇ ಚೌಕಟ್ಟು ತೆಗೆಯುವ ದಿನ ಕಾರು ಹೊರಗಿರಲಿ, ಥಿನ್ನರ್ ಡಬ್ಬಿಯೂ ಹೊರಗೆ. ಗ್ರೈಂಡರಿನ ಕಿಡಿ ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗದು. ಹಾರೆ ಹಾಕಿ ಕೀಳಲು ಬಿಡಬೇಡಿ. ಚೌಕಟ್ಟಿನ ಬೆನ್ನಿಗೆ ಹೋಲ್ಡ್‌ಫಾಸ್ಟ್ ಅನ್ನುವ ಕಬ್ಬಿಣದ ಪಟ್ಟಿಗಳು ಕಾಂಕ್ರೀಟಿನಲ್ಲಿ ಹುಗಿದಿರುತ್ತವೆ, ಎಳೆದರೆ ಇಟ್ಟಿಗೆಯೇ ಕಿತ್ತು ಬರುತ್ತದೆ. ನಿಲುವು ಮರವನ್ನು ನಡುವೆ ಓರೆಯಾಗಿ ಗರಗಸದಿಂದ ಕತ್ತರಿಸಿ ಒಳಕ್ಕೆ ಬಗ್ಗಿಸಿದರೆ ಪಟ್ಟಿ ಕಾಣುತ್ತದೆ, ಅದನ್ನು ಕತ್ತರಿಸಿದರೆ ಆಯಿತು. ಹೊಸದನ್ನು ಕೂರಿಸುವಾಗ ಎರಡೂ ಕರ್ಣ ಅಳೆಯಿರಿ, ಸಮ ಇರಬೇಕು.

ಪಂಪು ಸರಿಸಲು ಆಗದೇ ಇದ್ದರೆ, ಬಿಜಾಗರಿ ಬದಲಾಯಿಸುವುದಲ್ಲದೆ ಇನ್ನೊಂದು ದಾರಿಯಾಗಿ ಒಳಕ್ಕೇ ತೆರೆಯುವ ಜೋಡಿ ಬಾಗಿಲನ್ನೂ ನೋಡಿ: 18 ಇಂಚಿನದು ದಿನಬಳಕೆಗೆ, 11 ಇಂಚಿನದಕ್ಕೆ ಮೇಲೆ ಕೆಳಗೆ ಚಿಲಕ. ಸೈಕಲ್ ತರುವಾಗ ಮಾತ್ರ ಎರಡನ್ನೂ ತೆಗೆಯಿರಿ. ನಮ್ಮ ಧಾರವಾಡದ ಹಳೇ ಮನೆಗಳಲ್ಲಿ ಬಾಗಿಲುಗಳೆಲ್ಲ ಜೋಡಿಯೇ, ಇಷ್ಟೇ ಇಷ್ಟು ಜಾಗದಲ್ಲಿ ತಿರುಗುತ್ತಿದ್ದವು.

ಈಗಿನ ಚೌಕಟ್ಟು ಗೋಡೆಯ ಒಳಮುಖಕ್ಕಿದೆಯೋ ನಡುವಿಗಿದೆಯೋ ಫೋಟೊದಲ್ಲಿ ಕಾಣುತ್ತಿಲ್ಲ. ಹೊರಗಿನಿಂದ ಒಂದು ತೆಗೆದು ಹಾಕಿ. ಪಂಪಿಗೂ ಹೊಸ್ತಿಲಿಗೂ ಎಷ್ಟು ದೂರ ಅನ್ನುವುದನ್ನೂ ಬರೆಯಿರಿ.