ಕೆಂಪು ಧೂಳು, ಎರೆಮಣ್ಣು ಮತ್ತು ರಿಮೋಟ್ ಕಾರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನದು 1:10 ಅಳತೆಯ ಬಗ್ಗಿ (ಮಣ್ಣು ಹಾದಿಯಲ್ಲಿ ಓಡುವ ರಿಮೋಟ್ ಕಾರು). ವಾರಕ್ಕೊಮ್ಮೆ ಗಿಯರ್‌ಗಳಿಗೆ ತಪ್ಪದೆ ಗ್ರೀಸ್ ಹಚ್ಚುತ್ತೇನೆ. ಆದರೂ ಮೂರೇ ತಿಂಗಳಲ್ಲಿ ಕಿರ್ರೆನ್ನುವ ಸದ್ದು ಶುರುವಾಗಿದೆ. ಹಿಂದಿನ ಚಕ್ರಗಳೂ ಬಿಗಿಯಾಗಿ ತಿರುಗುತ್ತವೆ. ಏಕೆ? (ಸಂಡೂರು)

ಕೆಡಿಸಿದ್ದು ಆ ಗ್ರೀಸೇ. ಮೋಟರಿನ ಚಿಕ್ಕ ಗಿಯರ್ ಆದ ಪಿನಿಯನ್, ಅದಕ್ಕೆ ಕಚ್ಚಿಕೊಳ್ಳುವ ದೊಡ್ಡ ಸ್ಪರ್ ಗಿಯರ್ ಎರಡೂ ತೆರೆದ ಜಾಗದಲ್ಲಿರುತ್ತವೆ. ಸ್ಪರ್ ಪ್ಲಾಸ್ಟಿಕ್ಕಿನದಾದರೆ ಅದು ಒಣಗಿಯೇ ಓಡಬೇಕು. ಗ್ರೀಸ್ ಹಚ್ಚಿದರೆ ಧೂಳು ಅಂಟಿ, ಹಲ್ಲುಗಳ ನಡುವೆ ಸಾಣೆ ಹಿಡಿಯುವ ಹಿಟ್ಟಿನಂತಾಗುತ್ತದೆ. ನಿಮ್ಮ ಕಡೆಯ ಕೆಂಪು ಧೂಳಿನಲ್ಲಿ ಹೆಮಟೈಟ್ ಅದಿರಿನ ಕಣಗಳಿರುತ್ತವೆ. ಅವು ಹಿತ್ತಾಳೆ, ಕಂಚಿಗಿಂತ ಗಟ್ಟಿ. ಗ್ರೀಸ್ ಬೇಕಾದದ್ದು ಮುಚ್ಚಿದ ಗಿಯರ್ ಬಾಕ್ಸ್‌ನ ಒಳಗೆ ಮಾತ್ರ.

ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿಕೊಂಡು ಎರಡೂ ಗಿಯರ್ ತಿಕ್ಕಿ ತೊಳೆಯಿರಿ. ಹಲ್ಲಿನ ತುದಿ ಚೂಪಾಗಿ ಒಂದೇ ಕಡೆಗೆ ವಾಲಿದ್ದರೆ ಅದರ ಆಯುಸ್ಸು ಮುಗಿಯಿತು. ಪಿನಿಯನ್, ಸ್ಪರ್ ಎರಡನ್ನೂ ಜೋಡಿಯಾಗಿ ಬದಲಿಸಿ. ಪಿಚ್, ಮಾಡ್ಯೂಲ್ ಎರಡೂ ಹಲ್ಲಿನ ಗಾತ್ರ ಹೇಳುವ ಅಳತೆಗಳು. 48 ಪಿಚ್ ಗಿಯರಿಗೆ 0.6 ಮಾಡ್ಯೂಲ್ ಗಿಯರ್ ನೋಡಲು ಹೊಂದಿದಂತೆ ಕಂಡರೂ ಹೊಂದುವುದಿಲ್ಲ.

ಈಗ ಅಂತರ. ಬರೆಯುವ ಹಾಳೆಯಿಂದ ಒಂದು ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ ಎರಡೂ ಗಿಯರ್‌ಗಳ ನಡುವೆ ಇಡಿ. ಮೋಟರನ್ನು ಸ್ಪರ್ ಕಡೆಗೆ ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ, ಗಿಯರ್ ತಿರುಗಿಸಿ ಕಾಗದವನ್ನು ಹೊರತೆಗೆಯಿರಿ. ಕಾಗದ ಹರಿಯದೆ ಗರಗಸದಂತೆ ಮಡಿಕೆ ಬಿದ್ದು ಬಂದರೆ ಸರಿ. ತೂತು ಬಿದ್ದರೆ ಬಿಗಿಯಾಯಿತು, ಮಡಿಕೆ ಮಸುಕಾದರೆ ಸಡಿಲವಾಯಿತು. ಸ್ಪರ್ ಕೆಲವೊಮ್ಮೆ ಪೂರ್ತಿ ದುಂಡಾಗಿರುವುದಿಲ್ಲ, ಹಾಗಾಗಿ ಕಾಲು ಸುತ್ತಿಗೊಮ್ಮೆ ನಿಲ್ಲಿಸಿ ನಾಲ್ಕು ಕಡೆ ನೋಡಿ. ಬೆರಳಿಂದ ಅಲುಗಿಸಿದಾಗ ಕೂದಲೆಳೆಯಷ್ಟು ಆಟ ಎಲ್ಲ ಕಡೆಯೂ ಇರಬೇಕು.

ಚಕ್ರ ಬಿಗಿಯಾಗಿರುವುದಕ್ಕೆ ಬೇರಿಂಗ್ ನೋಡಿ. ಅಗ್ಗದ ಕಾರುಗಳಲ್ಲಿ ಬೇರಿಂಗ್ ಬದಲು ಕಂಚಿನ ಅಥವಾ ಪ್ಲಾಸ್ಟಿಕ್ ಬುಷ್ (ಗುಂಡುಗಳಿಲ್ಲದ ಬರೀ ಬಳೆ) ಇರುತ್ತದೆ. ಹಾಗಿದ್ದರೆ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ಅಳೆದು ರಬ್ಬರ್ ಸೀಲಿನ ಬಾಲ್ ಬೇರಿಂಗ್ ಹಾಕಿಸಿ. ನಮ್ಮ ಧೂಳಿಗೆ ಇದಕ್ಕಿಂತ ಒಳ್ಳೆಯ ಖರ್ಚಿಲ್ಲ. ಬೇರಿಂಗೇ ಇದ್ದರೆ ಸೂಜಿಯ ತುದಿಯಿಂದ ಸೀಲ್ ಎಬ್ಬಿಸಿ, ಆಲ್ಕೋಹಾಲ್‌ನಲ್ಲಿ ಅಲುಗಾಡಿಸಿ ತೊಳೆದು, ಒಣಗಿದ ಮೇಲೆ ಹೊಲಿಗೆ ಮಷಿನ್ ಎಣ್ಣೆ ಒಂದೇ ಹನಿ ಬಿಡಿ. ಜೀನ್ಸ್ ಹೊಲಿಯುವ ಬಳ್ಳಾರಿ ಹತ್ತಿರದಲ್ಲೇ ಇರುವಾಗ ಆ ಎಣ್ಣೆಗೆ ಬರವಿಲ್ಲ.

ಪ್ರಶ್ನೆ: 2ಎಸ್ ಲಿಪೋ ಬ್ಯಾಟರಿ (ಎರಡು ಸೆಲ್‌ನ ಲಿಥಿಯಂ ಪಾಲಿಮರ್, 7.4 ವೋಲ್ಟ್, 2200 ಎಂಎಎಚ್) ಬೇಸಿಗೆಯಲ್ಲಿ ಉಬ್ಬಿದೆ. ಸೂಜಿ ಚುಚ್ಚಿ ಗಾಳಿ ತೆಗೆದರೆ ಸರಿಹೋಗುತ್ತದೆ ಎನ್ನುತ್ತಾರೆ. ಮಾಡಬಹುದೇ? (ಸಿಂಧನೂರು)

ಖಂಡಿತ ಬೇಡ. ಒಳಗಿರುವುದು ಬರೀ ಗಾಳಿಯಲ್ಲ, ಎಲೆಕ್ಟ್ರೊಲೈಟ್ ಕೆಟ್ಟು ಹುಟ್ಟಿದ ಉರಿಯುವ ಅನಿಲ. ಸೂಜಿ ಒಳಪದರಗಳಿಗೆ ತಾಗಿ ಶಾರ್ಟ್ ಆದರೆ ಕ್ಷಣದಲ್ಲಿ ಬೆಂಕಿ. ಉಬ್ಬಿದ್ದನ್ನು ಇನ್ನು ಚಾರ್ಜ್ ಮಾಡಲೇಬೇಡಿ. ಮನೆಯ ಹೊರಗೆ ಮರಳು ತುಂಬಿದ ಬಕೆಟ್‌ನಲ್ಲಿಟ್ಟು, 12 ವೋಲ್ಟ್‌ನ ಬೈಕ್ ಇಂಡಿಕೇಟರ್ ಬಲ್ಬ್ ಜೋಡಿಸಿ. ಬಲ್ಬ್ ಪೂರ್ತಿ ಆರುವವರೆಗೂ ಕಾಯಿರಿ. ಬಳಿಕ ಎರಡೂ ತುದಿಗೆ ಬೇರೆ ಬೇರೆಯಾಗಿ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ. ಉಪ್ಪುನೀರಲ್ಲಿ ಮುಳುಗಿಸುವ ಪದ್ಧತಿಯನ್ನು ನಂಬಬೇಡಿ. ಉಪ್ಪುನೀರು ತುದಿಯ ಲೋಹವನ್ನು ಮೊದಲು ತಿಂದುಬಿಡುತ್ತದೆ, ಚಾರ್ಜ್ ಒಳಗೇ ಉಳಿಯುತ್ತದೆ.

ಹೊಸದು ತಂದಾಗ ಈ ಅಂಕಿಗಳನ್ನು ಡಬ್ಬಿಯ ಮೇಲೆಯೇ ಬರೆದಿಡಿ. ಒಂದು ಸೆಲ್ ತುಂಬಿದಾಗ 4.2 ವೋಲ್ಟ್, ಎತ್ತಿಡುವಾಗ 3.8, ಓಡಿಸುವುದನ್ನು ನಿಲ್ಲಿಸಬೇಕಾದದ್ದು 3.4ರ ಆಸುಪಾಸು, 3.0ಕ್ಕಿಂತ ಕೆಳಗೆ ಎಂದೂ ಬೇಡ. ಚಾರ್ಜಿಂಗ್ 1ಸಿ, ಅಂದರೆ 2200 ಎಂಎಎಚ್‌ಗೆ 2.2 ಆಂಪಿಯರ್, ಅದೂ ಎಲ್ಲ ಸೆಲ್‌ಗಳನ್ನು ಸಮನಾಗಿ ತುಂಬಿಸುವ ಬ್ಯಾಲೆನ್ಸ್ ಚಾರ್ಜರ್‌ನಲ್ಲೇ. ‘ನಾಳೆ ಆಡಿಸೋಣ’ ಎಂದು ತುಂಬಿಸಿಟ್ಟು, ತಗಡಿನ ಶೀಟಿನ ಕೋಣೆಯಲ್ಲಿ ವಾರಗಟ್ಟಲೆ ಬಿಡುವುದೇ ನಮ್ಮ ಭಾಗದಲ್ಲಿ ಬ್ಯಾಟರಿ ಉಬ್ಬಲು ದೊಡ್ಡ ಕಾರಣ. ಹೊರಗೆ 40 ಡಿಗ್ರಿ ಇದ್ದಾಗ ಶೀಟಿನ ಕೆಳಗೆ, ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಬಹಳ ಹೆಚ್ಚು. ಓಡಿಸಿ ಬಂದ ಕೂಡಲೇ ಚಾರ್ಜ್‌ಗೆ ಹಾಕದೆ ಅರ್ಧ ಗಂಟೆ ಆರಲು ಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಒಂದೆರಡು ಹಲ್ಲು ಕಡಿಮೆಯ ಪಿನಿಯನ್ ಹಾಕಿದರೆ ವೇಗ ತುಸು ತಗ್ಗಿದರೂ ಮೋಟರು, ಬ್ಯಾಟರಿ ಎರಡೂ ಕಡಿಮೆ ಬಿಸಿಯಾಗುತ್ತವೆ.

ಪ್ರಶ್ನೆ: ಪಿಯುಸಿ ಓದುತ್ತಿದ್ದೇನೆ. ಎರಡು ಹಳದಿ ಟಿಟಿ ಗಿಯರ್ ಮೋಟರ್, ಎಲ್298ಎನ್ ಡ್ರೈವರ್ (ಮೋಟರಿಗೆ ಕರೆಂಟ್ ಕೊಡುವ ಚಿಪ್), ಎರಡು 18650 ಲಿಥಿಯಂ ಸೆಲ್ ಸೇರಿಸಿ ಕಾರು ಮಾಡಿದ್ದೇನೆ. ನಿಧಾನ ಓಡುತ್ತದೆ, ಹೊರಡುವಾಗ ಕಾರನ್ನು ನಡೆಸುವ ಕಂಟ್ರೋಲ್ ಬೋರ್ಡ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. (ಗಂಗಾವತಿ)

ಎರಡು ದೋಷ ಕೂಡಿಕೊಂಡಿವೆ. ಎಲ್298ಎನ್ ಹಳೆಯ ಬಗೆಯ ಚಿಪ್, ಸುಮಾರು 2 ವೋಲ್ಟನ್ನು ತಾನೇ ನುಂಗಿ ಬಿಸಿಯಾಗುತ್ತದೆ. 7.4 ವೋಲ್ಟ್ ಕೊಟ್ಟರೂ ಮೋಟರಿಗೆ ಸಿಗುವುದು ಐದೂವರೆಯಷ್ಟು. ಅದರ ಬದಲು ಟಿಬಿ6612ಎಫ್‌ಎನ್‌ಜಿ ಡ್ರೈವರ್ ಹಾಕಿ. ಆದರೆ ಟಿಟಿ ಮೋಟರಿನ ಮಿತಿ 6 ವೋಲ್ಟ್. ತುಂಬಿದ ಎರಡು ಸೆಲ್ 8.4 ವೋಲ್ಟ್ ಕೊಡುವುದರಿಂದ ಪ್ರೋಗ್ರಾಮ್‌ನಲ್ಲಿ ಗರಿಷ್ಠ ವೇಗವನ್ನು ಶೇ 70ಕ್ಕೆ ಕಟ್ಟಿಹಾಕಿ.

ನಿಂತ ಮೋಟರು ಹೊರಡುವಾಗ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಆಗ ವೋಲ್ಟ್ ಕುಸಿದು ಬೋರ್ಡ್ ಮರುಹುಟ್ಟು ಪಡೆಯುತ್ತದೆ. ಬ್ಯಾಟರಿ ತಂತಿ ಡ್ರೈವರ್‌ಗೆ ಸೇರುವಲ್ಲಿ 1000 ಮೈಕ್ರೋಫ್ಯಾರಡ್, 16 ವೋಲ್ಟ್ ಕೆಪಾಸಿಟರ್ ಬೆಸುಗೆ ಹಾಕಿ, ಪಟ್ಟಿ ಇರುವ ಕಾಲು ನೆಗೆಟಿವ್‌ಗೆ. ಬೋರ್ಡಿಗೂ, ಸರ್ವೋ (ಸ್ಟಿಯರಿಂಗ್ ತಿರುಗಿಸುವ ಪುಟ್ಟ ಮೋಟರು) ಇದ್ದರೆ ಅದಕ್ಕೂ ಬೇರೆಯೇ 5 ವೋಲ್ಟ್, 3 ಆಂಪಿಯರ್‌ನ, ವೋಲ್ಟ್ ಇಳಿಸುವ ಬಕ್ ಕನ್ವರ್ಟರ್‌ನಿಂದ ಕರೆಂಟ್ ಕೊಡಿ. ಎಲ್ಲ ಭಾಗಗಳ ನೆಗೆಟಿವ್ ಒಂದೇ ಕಡೆ ಸೇರಿರಲಿ, ಇಲ್ಲದಿದ್ದರೆ ಸಿಗ್ನಲ್ ದಾರಿ ತಪ್ಪುತ್ತದೆ. ಪ್ರತಿ ಮೋಟರಿನ ಎರಡು ತುದಿಗಳ ನಡುವೆ ‘104’ ಎಂದು ಬರೆದ ಸೆರಾಮಿಕ್ ಕೆಪಾಸಿಟರ್ ಹಾಕಿ. ಬ್ರಷ್‌ನ ಕಿಡಿಯಿಂದ ಹುಟ್ಟುವ ಅಡಚಣೆ ಅಲ್ಲೇ ಅಡಗುತ್ತದೆ.

ಪ್ರಶ್ನೆ: ಸ್ಟಿಯರಿಂಗ್ ಬಿಟ್ಟರೂ ಕಾರು ಎಡಕ್ಕೇ ಎಳೆಯುತ್ತದೆ. ರಿಮೋಟಿನ ಟ್ರಿಮ್ (ನೇರ ಓಟ ಹೊಂದಿಸುವ ಗುಂಡಿ) ಪೂರ್ತಿ ತಿರುಗಿಸಿದರೂ ಸಾಲದು. (ಕೊಪ್ಪಳ)

ಟ್ರಿಮ್ ಮತ್ತೆ ಸೊನ್ನೆಗೆ ತನ್ನಿ. ರಿಮೋಟ್ ಆನ್ ಮಾಡಿ, ಆಮೇಲೆ ಕಾರು ಆನ್ ಮಾಡಿ, ಸರ್ವೋ ನಡುವಿಗೆ ಬಂದು ನಿಲ್ಲಲಿ. ಈಗ ಸರ್ವೋ ಕೈಯ ಸ್ಕ್ರೂ ಬಿಚ್ಚಿ, ಕೈಯನ್ನು ಮೇಲೆತ್ತಿ, ನೇರವಾಗಿ ಕೂರುವ ಹಲ್ಲಿಗೆ ಮತ್ತೆ ಕೂರಿಸಿ. ಉಳಿದ ಕೊಂಚ ವ್ಯತ್ಯಾಸವನ್ನು ಚಕ್ರಕ್ಕೆ ತಾಗುವ ಸ್ಟಿಯರಿಂಗ್ ಕಡ್ಡಿಯ, ಅಂದರೆ ಟೈ ರಾಡಿನ ಉದ್ದದಲ್ಲಿ ಸರಿಮಾಡಿ. ಟ್ರಿಮ್ ಕಟ್ಟಕಡೆಗೆ ಬಳಸಿ.

ಪ್ರಶ್ನೆ: ಎರೆಹೊಲದಲ್ಲಿ ಓಡಿಸಿ ಬಂದ ಕಾರನ್ನು ತಕ್ಷಣ ನೀರಲ್ಲಿ ತೊಳೆಯಬೇಕೇ? (ಮಾನ್ವಿ)

ಬೇಡ. ಹಸಿ ಎರೆಮಣ್ಣು ನೀರು ಕುಡಿದಷ್ಟೂ ಜಿಗುಟಾಗಿ ಬೇರಿಂಗಿನ ಸಂದಿಗೆ ಹೊಗುತ್ತದೆ. ಬ್ಯಾಟರಿ ತೆಗೆದು ನೆರಳಲ್ಲಿ ಒಣಗಲು ಬಿಡಿ. ಒಣಗಿದಾಗ ಅದು ಕುಗ್ಗಿ, ಬಿರಿದು, ತಾನೇ ಹೆಂಟೆಯಾಗಿ ಕಳಚುತ್ತದೆ. ಉಳಿದದ್ದಕ್ಕೆ ಪೇಂಟ್ ಬ್ರಷ್ ಸಾಕು. ನಾಲ್ಕೂ ಚಕ್ರ ಬಿಚ್ಚಿ ಆಕ್ಸಲ್‌ಗೆ ಸುತ್ತಿಕೊಂಡ ಹುಲ್ಲು, ನಾರು ಚಿಮುಟದಿಂದ ಎಳೆದು ತೆಗೆಯಿರಿ. ಮತ್ತೆ ಜೋಡಿಸುವಾಗ ಪ್ಲಾಸ್ಟಿಕ್‌ಗೆ ಇಳಿಯುವ ಸ್ಕ್ರೂಗಳನ್ನು ಮೊದಲು ಹಿಂದಕ್ಕೆ ತಿರುಗಿಸಿ, ‘ಟಕ್’ ಎಂದು ಹಳೆಯ ಮರೆಗೆ (ಸ್ಕ್ರೂ ಮೊದಲೇ ಕೊರೆದ ಸುರುಳಿ ದಾರಿಗೆ) ಇಳಿದ ಮೇಲೆ ಮುಂದಕ್ಕೆ ಬಿಗಿ ಮಾಡಿ. ಲೋಹಕ್ಕೆ ಇಳಿಯುವ ಸ್ಕ್ರೂಗಳಿಗೆ ಮಾತ್ರ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕ್ ಅಂಟು ಒಂದು ಚುಕ್ಕಿ ಹಚ್ಚಿ. ಪ್ಲಾಸ್ಟಿಕ್‌ಗೆ ತಾಗಿದರೆ ಅದೇ ಬಿರುಕು ತರುತ್ತದೆ.