‘ಇಲ್ಲ’ ಅನ್ನುವ ಸುದ್ದಿಗೂ ಜಾಗ ಬೇಕು

ಮದ್ದೂರಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: “ನಿಮ್ಮ ಕಳೆದ ಸಂಚಿಕೆಯ ಖಿನ್ನತೆಯ ಲೇಖನದಲ್ಲಿ ಬೋರ್ನಾ ವೈರಸ್ ಹೆಸರೇ ಇಲ್ಲ. ಕುದುರೆ, ಕುರಿಗಳ ಮಿದುಳಲ್ಲಿ ಕೂರುವ ಈ ವೈರಸ್ಸೇ ನಮ್ಮ ಖಿನ್ನತೆಗೂ ಕಾರಣ ಅಂತ ವಾಟ್ಸಾಪಲ್ಲಿ ಓದಿದೆ. ಸುಂಡಿಲಿಯಿಂದ ಹರಡುತ್ತದಂತೆ. ನನ್ನ ತಂಗಿ ಮಗ ಎರಡು ವರ್ಷದಿಂದ ಮಾತ್ರೆ ತಗೊಳ್ತಿದ್ದಾನೆ. ಅದನ್ನು ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸೋಣವೇ? ಮನೆಯ ಸುಂಡಿಲಿಗಳಿಗೆ ಪಾಷಾಣ ಇಡಬೇಕೇ?”

ಮೇಷ್ಟ್ರೇ, ಮಾತ್ರೆ ನಿಲ್ಲಿಸಬೇಡಿ. ಉಳಿದದ್ದೆಲ್ಲ ಆಮೇಲೆ.

ನೀವು ಓದಿದ್ದು ಪೂರ್ತಿ ಸುಳ್ಳಲ್ಲ. ಬೋರ್ನಾ ಅನ್ನೋದು ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಊರು. 1885ರಲ್ಲಿ ಅಲ್ಲಿನ ಸೈನ್ಯದ ಕುದುರೆಗಳು ಸಾಲಾಗಿ ಸತ್ತವು. ರೋಗಕ್ಕೆ ಊರಿನ ಹೆಸರೇ ಅಂಟಿಕೊಂಡಿತು. ಈ ವೈರಸ್ ನರಕೋಶವನ್ನು ಕೊಲ್ಲುವುದಿಲ್ಲ. ಕೋಶದ ಒಳಗಿನ ನ್ಯೂಕ್ಲಿಯಸ್ಸಿಗೇ ಹೋಗಿ ಬಿಡಾರ ಹೂಡುತ್ತದೆ. ಅದನ್ನು ಓಡಿಸಲು ಬರುವ ದೇಹದ ರಕ್ಷಣಾಪಡೆಯೇ ಮಿದುಳನ್ನು ಹಾಳು ಮಾಡುತ್ತದೆ. ರೋಗ ಬಂದ ಕುದುರೆ ಹುಲ್ಲನ್ನು ಬಾಯಿಗೆ ತಗೊಂಡು ಅಗಿಯುವುದನ್ನೇ ಮರೆತು ನಿಂತುಬಿಡುತ್ತದೆ. ತುಟಿಯಲ್ಲಿ ಬೀಡಿ ಕಚ್ಚಿದ ಹಾಗೆ ಹುಲ್ಲು ಹೊರಗೆ ನೇತಾಡುತ್ತಿರುತ್ತದೆ.

ಇದನ್ನು ಓದಿದ ವಾರ ನಮ್ಮ ದೊಡ್ಡ ಗಡಿಯಾರದ ಹತ್ತಿರ ಒಬ್ಬ ಟಾಂಗಾದವರಿಗೆ ಹೇಳಿದೆ. ಅವರು ಮಾತಾಡಲಿಲ್ಲ. ಎದ್ದು ಹೋಗಿ ತಮ್ಮ ಕುದುರೆಯ ದವಡೆ ಮೇಲೆ ಅಂಗೈ ಇಟ್ಟರು. ಅದು ಹುರುಳಿ ಅಗಿಯುತ್ತಿತ್ತು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, “ಮೇವು ಮರೆಯೋ ಕುದುರೆ ನೋಡೋ ದಿನ ನಂಗೆ ಬರೋದು ಬೇಡ ಸಾರ್” ಅಂದರು.

ಕುದುರೆಯ ಕಥೆ ಗಟ್ಟಿ. ಮನುಷ್ಯರ ಖಿನ್ನತೆಯ ಕಥೆ ಬೇರೆ. 1985ರಲ್ಲಿ ಕೆಲವು ಮನೋರೋಗಿಗಳ ರಕ್ತದಲ್ಲಿ ಈ ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಕಂಡಿತು ಅಂತ ವಿಜ್ಞಾನಿಗಳು ಬರೆದರು. ಅಲ್ಲಿಂದ ಶುರು. 90ರ ದಶಕದ ತುಂಬ ಅದೇ ಮಾತು. ಆಗ ನಾನೊಂದು ದಿನಪತ್ರಿಕೆಯಲ್ಲಿ ಉಪಸಂಪಾದಕ. ‘ಖಿನ್ನತೆಗೆ ವೈರಸ್ ಕಾರಣ’ ಅಂತ ಮೂರು ಕಾಲಂ ಸುದ್ದಿ ಹಾಕಿದೆವು. ಶೀರ್ಷಿಕೆ ಕೊಟ್ಟವನು ನಾನೇ. ಎರಡು ತಿಂಗಳು ಬಿಟ್ಟು ನಂಜನಗೂಡಿನ ಕಡೆಯ ಒಬ್ಬ ತಾಯಿ ಆಫೀಸಿಗೆ ಬಂದರು. ಬ್ಯಾಂಕ್ ಪಾಸ್‌ಬುಕ್ಕಿನ ಒಳಗೆ ಆ ಸುದ್ದಿಯನ್ನು ಕತ್ತರಿಸಿ, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಮಡಿಕೆಯ ಕಡೆ ಅಕ್ಷರ ಅಳಿಸಿಹೋಗಿತ್ತು. “ಈ ಪರೀಕ್ಷೆ ಎಲ್ಲಿ ಮಾಡ್ತಾರೆ ಸ್ವಾಮಿ? ಮಗಳಿಗೆ ಮಾಡಿಸಬೇಕು.” ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಏನಾಯ್ತು ಅನ್ನೋದನ್ನು ಯಾರೂ ಮೂರು ಕಾಲಂ ಹಾಕಲಿಲ್ಲ. ರೋಗಿಗಳಲ್ಲಿ ಸಿಕ್ಕಿತು ಅಂದಿದ್ದ ಎಷ್ಟೋ ವೈರಸ್ಸಿನ ತುಣುಕುಗಳು ಪ್ರಯೋಗಾಲಯದಲ್ಲೇ ಬೆಳೆಸುತ್ತಿದ್ದ ತಳಿಯಿಂದ ಸೇರಿಕೊಂಡಿದ್ದವು ಅಂತ ಗೊತ್ತಾಯಿತು. 2012ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು 198 ಜನ ಮನೋರೋಗಿಗಳನ್ನು ಆರೋಗ್ಯವಂತರ ಜೊತೆ ಜೋಡಿ ಮಾಡಿ ನೋಡಿದರು. ಯಾವ ರಕ್ತ ಯಾರದ್ದು ಅಂತ ಪರೀಕ್ಷೆ ಮಾಡುವವರಿಗೇ ಗೊತ್ತಿರಲಿಲ್ಲ. ನಂಟು ಸಿಗಲಿಲ್ಲ. ಇದರ ಮುಂದಾಳುಗಳಲ್ಲಿ ಒಬ್ಬರು ಇಯಾನ್ ಲಿಪ್ಕಿನ್. 1990ರ ಸುಮಾರಿಗೆ ಈ ವೈರಸ್ಸನ್ನು ಜೀನ್ ಮಟ್ಟದಲ್ಲಿ ಗುರುತಿಸಿದವರಲ್ಲಿ ಅವರೂ ಇದ್ದರು! ಹರೆಯದಲ್ಲಿ ಹಿಡಿದ ಎಳೆಯನ್ನು ಇಪ್ಪತ್ತು ವರ್ಷದ ಮೇಲೆ ತಾವೇ ಜಗ್ಗಿ ನೋಡಿ, “ಇಲ್ಲ” ಅಂದರು. ನನಗೆ ಈ ‘ಇಲ್ಲ’ದ ಮೇಲೆ ಇರುವಷ್ಟು ಗೌರವ ಬೇರೆ ಯಾವ ಆವಿಷ್ಕಾರದ ಮೇಲೂ ಇಲ್ಲ.

ಮನುಷ್ಯರಿಗೆ ಈ ವೈರಸ್ ಬರೋದೇ ಇಲ್ಲ ಅಂತಲ್ಲ. ಬರುತ್ತದೆ, ತುಂಬ ಅಪರೂಪಕ್ಕೆ, ಬಂದರೆ ಮಾರಕ. ಜರ್ಮನಿಯಲ್ಲಿ ಒಬ್ಬ ದಾನಿಯ ಅಂಗ ಪಡೆದ 3 ಜನಕ್ಕೆ ಮಿದುಳಿನ ಉರಿಯೂತ ಬಂದು ಇಬ್ಬರು ತೀರಿಕೊಂಡದ್ದು 2018ರಲ್ಲಿ ಪ್ರಕಟವಾಯಿತು. ಆದರೆ ಅದು ವರ್ಷಗಟ್ಟಲೆಯ ಬೇಸರ ಅಲ್ಲ. ಜ್ವರ, ಗೊಂದಲ, ಫಿಟ್ಸ್, ಕೋಮಾ.

‘ಇಲ್ಲ’ ಅನ್ನುವ ಸುದ್ದಿಯನ್ನು ಹೇಳದೆ ಬಿಡುವ ಈ ಬೇನೆ ವಿಜ್ಞಾನದ್ದು ಮಾತ್ರ ಅಲ್ಲ, ಅಲ್ವಾ? ನಿಮ್ಮ ಮಂಡ್ಯ ಜಿಲ್ಲೆಯ ಗೋಡೆಗಳನ್ನೇ ನೋಡಿ. ಕಬ್ಬಿಗೆ ಹೊಸ ಟಾನಿಕ್ ಬಂತು ಅಂದರೆ ಬಸ್‌ಸ್ಟ್ಯಾಂಡಿನ ತನಕ ಪೋಸ್ಟರ್. ಅದು ಕೆಲಸ ಮಾಡಲಿಲ್ಲ ಅಂತ ಪೋಸ್ಟರ್ ಅಂಟಿಸಿದವರನ್ನು ನೋಡಿದ್ದೀರಾ? ಸೋತ ಔಷಧಿ, ಸೋತ ಬಿತ್ತನೆ, ಸೋತ ಯೋಜನೆ, ಎಲ್ಲ ಸದ್ದಿಲ್ಲದೆ ಮರೆಯಾಗುತ್ತವೆ. ದುಡ್ಡು ಕಳಕೊಂಡ ರೈತನಿಗೆ ಮಾತ್ರ ಗೊತ್ತು. ಅವನ ಪಕ್ಕದ ಹೊಲದವನು ಮುಂದಿನ ವರ್ಷ ಅದೇ ಡಬ್ಬಿ ಕೊಳ್ಳುತ್ತಾನೆ. ನೀವು ಮೂವತ್ತು ವರ್ಷ ಪಾಠ ಮಾಡಿದವರು. ಹುಡುಗನ ಲೆಕ್ಕ ತಪ್ಪಾದರೆ ಸುಮ್ನೆ ಮುಂದಿನ ಪುಟಕ್ಕೆ ಹೋಗುತ್ತಿದ್ದಿರಾ? ಅಂಥವರು ವಾಟ್ಸಾಪಲ್ಲಿ ಬಂದದ್ದನ್ನು ಹಿಂದೆ ಮುಂದೆ ಕೇಳದೆ ತಂಗಿ ಮನೆಗೆ ಒಯ್ಯಬಾರದಿತ್ತು.

ನಾನೂ ಒಯ್ಯಬಾರದಿತ್ತು. 2012ರ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಆ ಪಾಸ್‌ಬುಕ್. ಆ ತಾಯಿಯ ವಿಳಾಸ ನಾನು ಬರೆದಿಟ್ಟುಕೊಂಡಿರಲಿಲ್ಲ.

ಮುಂದಿನ ಸಂಚಿಕೆಯಿಂದ ಒಂದು ಪುಟ ಇದಕ್ಕೇ ಮೀಸಲು: ಹಿಂದೆ ಹೌದು ಅಂದು, ಆಮೇಲೆ ಇಲ್ಲ ಅಂತಾದ ಸುದ್ದಿಗಳು. ಮೊದಲನೆಯದು ಬೋರ್ನಾ. ನಿಮ್ಮ ತಂಗಿಗೂ ಒಂದು ಪ್ರತಿ ಕಳಿಸುತ್ತೇನೆ. ಅಳಿಯನಿಗೆ ಮಾತ್ರೆ ಹಿಡಿಸುತ್ತಿಲ್ಲ ಅಂದರೆ ಬರೆದು ಕೊಟ್ಟ ಡಾಕ್ಟರ ಹತ್ತಿರವೇ ಹೋಗಲಿ, ನೀವೂ ಜೊತೆಗೆ ಹೋಗಿ.

ಸುಂಡಿಲಿಗೆ ಪಾಷಾಣ ಬೇಡ. ಬೋರ್ನಾ ವೈರಸ್ಸಿಗೆ ಮನೆ ಕೊಟ್ಟಿರುವುದು ಯುರೋಪಿನ ಎರಡು ಬಣ್ಣದ ಬೇರೆ ಜಾತಿಯ ಸುಂಡಿಲಿ. ರೋಗ ಕಾಣುವುದು ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನ ಸುತ್ತಮುತ್ತ. ನಿಮ್ಮ ಮನೆಯದು ವಾಸನೆ ಬೀರಿಕೊಂಡು, ಜಿರಲೆ ತಿಂದುಕೊಂಡು ಗೋಡೆ ಬದಿಯಲ್ಲಿ ಓಡಾಡುವಂಥದ್ದು. ಇರಲಿ ಬಿಡಿ.